ಯೋಗವೋ, ಕ್ಷೇಮವೋ?

ಈ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ಎರಡು ಒಂದೇ ಪ್ರಶ್ನೆಯನ್ನು ಹೊತ್ತು ಬಂದಿವೆ. ಒಂದು ನಂಜನಗೂಡಿನದು, ಇನ್ನೊಂದು ತಿರುಮಕೂಡಲು ನರಸೀಪುರದ್ದು. ಬರೆದವರಿಬ್ಬರಿಗೂ ಪರಸ್ಪರ ಪರಿಚಯವಿಲ್ಲ. ಆದರೂ ಎರಡು ಮನೆಗಳಲ್ಲಿ ಒಂದೇ ಹೊತ್ತಿಗೆ ಒಂದೇ ಸಂದೇಹವು ತಲೆದೋರಿರುವುದನ್ನು ನೋಡಿ, ಇದನ್ನು ಖಾಸಗಿ ಉತ್ತರದಲ್ಲಿ ಮುಗಿಸುವುದಕ್ಕಿಂತ ಈ ಪುಟದಲ್ಲಿಯೇ ವಿಚಾರಿಸುವುದು ಲೇಸೆಂದು ತೋರಿತು. ಹೆಸರು, ಬೀದಿ, ಮನೆತನಗಳನ್ನು ಬಿಟ್ಟು ವಿಷಯವನ್ನು ಮಾತ್ರ ವಾಚಕರ ಮುಂದಿಡುತ್ತೇನೆ. ಇಬ್ಬರೂ ಇದಕ್ಕೆ ಸಮ್ಮತಿಸಿದ್ದಾರೆ.

ನಂಜನಗೂಡಿನ ಮಹನೀಯರಿಗೆ ಐವತ್ತೆಂಟು ವರ್ಷ. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಇನ್ನೆರಡು ವರ್ಷಕ್ಕೆ ನಿವೃತ್ತಿ. ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ರಾತ್ರಿ ಮಾತ್ರೆ, ಈಚೆಗೆ ಒಂದು ಹೊತ್ತು ಇನ್ಸುಲಿನ್ನೂ ಸೇರಿದೆ. ಅವರ ಷಡ್ಡಕರು ಒಂದು ವರ್ಷದಿಂದ ತಮ್ಮ ಮನೆಯ ಮುಂದೆ ‘ವೆಲ್‌ನೆಸ್ ಕೋಚ್’ ಎಂಬ ಹಲಗೆಯನ್ನು ತೂಗುಹಾಕಿದ್ದಾರಂತೆ. ಬೆಳಿಗ್ಗೆ ಆರು ಗಂಟೆಗೆ ಹತ್ತು ಹದಿನೈದು ಮಂದಿ ಅಲ್ಲಿ ಸೇರಿ, ತೂಕ ನೋಡಿಕೊಂಡು, ಡಬ್ಬಿಯ ಪುಡಿಯೊಂದನ್ನು ನೀರಿನಲ್ಲಿ ಕದಡಿ ಕುಡಿದು ಹೋಗುವರು. “ಭಾವ, ಮೂರು ತಿಂಗಳು ನಾನು ಹೇಳಿದ ಹಾಗೆ ಕುಡಿಯಿರಿ, ಆಮೇಲೆ ಮಾತ್ರೆಯೂ ಬೇಡ, ಸೂಜಿಯೂ ಬೇಡ” ಎಂಬುದು ಷಡ್ಡಕರ ಮಾತು. ಇತ್ತ ಕಾರ್ಖಾನೆಯ ಸ್ನೇಹಿತರೊಬ್ಬರು, ನಿವೃತ್ತಿಯ ಮುಂದಿನ ಬಾಳನ್ನು ರೂಪಿಸಿಕೊಡುವ ‘ಲೈಫ್ ಕೋಚ್’ ಒಬ್ಬರ ಹೆಸರನ್ನು ಕೊಟ್ಟಿದ್ದಾರೆ. “ಇಬ್ಬರಲ್ಲಿ ಒಬ್ಬರಿಗೆ ಕೊಡುವಷ್ಟು ಹಣವನ್ನು ತೆಗೆದಿಟ್ಟಿದ್ದೇನೆ. ಯಾರಿಗೆ ಕೊಡಲಿ?” ಎಂದು ಅವರು ಕೇಳುತ್ತಾರೆ. ಷಡ್ಡಕರಿಗೆ ಬೇಡವೆಂದರೆ ಮನೆಯಾಕೆಗೂ ಆಕೆಯ ತಂಗಿಗೂ ಮಾತು ನಿಂತೀತೆಂಬ ಭಯವನ್ನೂ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ.

ನರಸೀಪುರದ ಕಾಗದವನ್ನು ಬರೆದವರು ಒಬ್ಬ ತಾಯಿ. ಯಜಮಾನರದು ಚಿಕ್ಕ ಅಂಗಡಿ. ಒಬ್ಬನೇ ಮಗ, ಇಪ್ಪತ್ತಾರು ವರ್ಷ, ಇಂಜಿನಿಯರಿಂಗ್ ಓದಿದ್ದಾನೆ. ಸರ್ಕಾರಿ ಹುದ್ದೆಯ ಪರೀಕ್ಷೆಗಳಿಗೆ ಮೂರು ವರ್ಷ ಓದಿ ಮೂರು ಸಲವೂ ಸೋತ ಮೇಲೆ ಮಹಡಿಯ ಕೋಣೆಯನ್ನು ಬಿಟ್ಟು ಇಳಿಯುವುದು ಅಪರೂಪವಾಗಿದೆ. ರಾತ್ರಿಯೆಲ್ಲ ಎಚ್ಚರ, ಹಗಲು ನಿದ್ದೆ. ಗೆಳೆಯರು ಬಂದರೆ ಇಲ್ಲವೆನ್ನಿಸುತ್ತಾನೆ. ಹಬ್ಬದ ದಿನ ಹೋಳಿಗೆಯನ್ನು ಮುಟ್ಟಲಿಲ್ಲವೆಂಬುದನ್ನು ಆ ತಾಯಿ ಎರಡು ಸಲ ಬರೆದಿದ್ದಾರೆ. ಹನ್ನೆರಡು ಸಲ ಮಾತನಾಡುವುದಕ್ಕೆ ಹದಿನೆಂಟು ಸಾವಿರ ರೂಪಾಯಿ ಕೇಳುವ ಲೈಫ್ ಕೋಚ್ ಒಬ್ಬರನ್ನು ಮೊಬೈಲಿನಲ್ಲಿ ಕಂಡು, ಕೈಬಳೆಗಳನ್ನು ಅಡವಿಡಲು ಯೋಚಿಸಿದ್ದಾರೆ. ಪಕ್ಕದ ಮನೆಯವರು ಮಾತ್ರ, “ಹುಡುಗ ದಪ್ಪಗಾಗಿದ್ದಾನೆ, ಅದಕ್ಕೇ ಈ ಮಂಕು. ವೆಲ್‌ನೆಸ್ ಕ್ಲಬ್ಬಿಗೆ ಸೇರಿಸಿ” ಎನ್ನುತ್ತಾರಂತೆ.

ಮೊದಲು ಮಾತಿನ ಅರ್ಥವನ್ನು ನೋಡೋಣ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಸಂಸ್ಕೃತ ಪಾಠ ಹೇಳಿದವನಿಗೆ ಪದದ ಮೂಲವನ್ನು ಕೆದಕದೆ ಮುಂದೆ ಹೋಗುವುದು ಸಾಧ್ಯವಿಲ್ಲ, ವಾಚಕರು ಕ್ಷಮಿಸಬೇಕು. ಹಂಗೇರಿ ದೇಶದಲ್ಲಿ ಕೋಚ್ ಎಂಬುದೊಂದು ಹಳ್ಳಿ. ಹದಿನೈದನೆಯ ಶತಮಾನದಲ್ಲಿ ಅಲ್ಲಿಯ ಕುದುರೆಗಾಡಿಗಳು ಪ್ರಸಿದ್ಧಿಗೆ ಬಂದು, ಊರ ಹೆಸರೇ ಗಾಡಿಯ ಹೆಸರಾಗಿ ಯೂರೋಪಿನಲ್ಲೆಲ್ಲ ಹಬ್ಬಿತು. ನಮ್ಮ ಮೈಸೂರಿನ ಸಾರೋಟು ಆ ಜಾತಿಯದೇ. ೧೮೩೦ರ ಸುಮಾರಿಗೆ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆಯ ಆಚೆ ದಡಕ್ಕೆ ಹೊತ್ತು ಹಾಕುವ ಖಾಸಗಿ ಮೇಷ್ಟರನ್ನು ವಿನೋದಕ್ಕಾಗಿ ‘ಕೋಚ್’ ಎಂದು ಕರೆದರು. ಅಲ್ಲಿಂದ ಆ ಮಾತು ಆಟದ ಬಯಲಿಗೆ ಹೋಯಿತು, ಆಮೇಲೆ ಮನೆಯೊಳಕ್ಕೆ ಬಂದಿತು.

ಉಳಿದೆರಡು ಮಾತುಗಳ ಇತಿಹಾಸ ಇನ್ನೂ ಈಚಿನದು. ಕಾಯಿಲೆಯಿಲ್ಲದಿರುವುದೊಂದೇ ಆರೋಗ್ಯವಲ್ಲ, ಮೈಮನಗಳು ಹುರುಪಿನಿಂದ ಏರುತ್ತಿರುವುದು ಆರೋಗ್ಯ ಎಂದು ಅಮೆರಿಕದ ಹಾಲ್ಬರ್ಟ್ ಡನ್ ಎಂಬ ವೈದ್ಯರು ಉಪನ್ಯಾಸಗಳನ್ನು ಮಾಡಿ, ೧೯೬೧ರಲ್ಲಿ ಅವನ್ನು ಪುಸ್ತಕವಾಗಿ ಪ್ರಕಟಿಸಿದರು. ‘ವೆಲ್‌ನೆಸ್’ ಎಂಬ ಮಾತಿಗೆ ಬಳಕೆ ಬಂದದ್ದು ಹಾಗೆ. ಲೈಫ್ ಕೋಚಿನ ಕಸುಬನ್ನು ಒಂದು ಕಸುಬಾಗಿ ನಿಲ್ಲಿಸಿದವರಲ್ಲಿ ಮುಖ್ಯರಾದ ಥಾಮಸ್ ಲಿಯೊನಾರ್ಡ್ ಎಂಬವರು ಮೊದಲು ಜನರ ಹಣಕಾಸಿಗೆ ಸಲಹೆ ಕೊಡುತ್ತಿದ್ದವರು. ತಮ್ಮ ಬಳಿಗೆ ಬರುವವರು ಹಣದ ನೆಪದಲ್ಲಿ ಬಾಳಿನ ಪ್ರಶ್ನೆಗಳನ್ನೇ ಕೇಳುತ್ತಿರುವರೆಂದು ಕಂಡು ೧೯೯೨ರಲ್ಲಿ ಕೋಚುಗಳಿಗೊಂದು ಶಾಲೆಯನ್ನೂ, ೧೯೯೫ರಲ್ಲಿ ಅವರದೇ ಅಂತರರಾಷ್ಟ್ರೀಯ ಸಂಘವನ್ನೂ ಸ್ಥಾಪಿಸಿದರು. ಆದಕಾರಣ ಇವೆರಡೂ ಪುರಾತನ ವಿದ್ಯೆಗಳೆಂದು ಯಾರಾದರೂ ಹೇಳಿದರೆ ನಂಬಬೇಕಾದ್ದಿಲ್ಲ. ಹೊಸತಾದ ಮಾತ್ರಕ್ಕೆ ತಳ್ಳಬೇಕಾದ್ದೂ ಇಲ್ಲ.

ಇವೆರಡರ ಭೇದವನ್ನು ತಿಳಿಯಲು ನಮ್ಮ ಮನೆಮಾತಿನಲ್ಲಿಯೇ ಒಂದು ಸಾಧನವಿದೆ. ದೂರದ ಮಗಳಿಗೆ ಕಾಗದ ಬರೆಯುವಾಗ ‘ಯೋಗಕ್ಷೇಮಕ್ಕೆ ಬರೆಯುತ್ತಿರು’ ಎನ್ನುತ್ತೇವಷ್ಟೆ. ಅದು ಒಂದು ಮಾತಲ್ಲ, ಎರಡು. ಇನ್ನೂ ದೊರೆಯದಿರುವುದನ್ನು ದೊರಕಿಸಿಕೊಳ್ಳುವುದು ಯೋಗ. ದೊರೆತಿರುವುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಭಾಷ್ಯಕಾರರು ಹಾಗೆಯೇ ಬಿಡಿಸಿ ಹೇಳಿದ್ದಾರೆ. ವೆಲ್‌ನೆಸ್ ಕೋಚಿನ ಕೆಲಸ ಕ್ಷೇಮದ ಕಡೆಯದು: ಇರುವ ದೇಹ, ಇರುವ ನಿದ್ದೆ, ಇರುವ ಹಸಿವು, ದಿನಚರಿ, ನಡಿಗೆ. ಲೈಫ್ ಕೋಚಿನ ಕೆಲಸ ಯೋಗದ ಕಡೆಯದು: ಮುಂದೇನು, ಯಾವ ಉದ್ಯೋಗ, ಯಾವ ಊರು, ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕು. ತನ್ನ ಮನೆಯ ಪ್ರಶ್ನೆ ಯಾವುದೆಂದು ಗೃಹಸ್ಥನು ಒಂದು ಕಾಗದದ ಮೇಲೆ ಒಂದೇ ವಾಕ್ಯದಲ್ಲಿ ಬರೆದು ನೋಡಲಿ. ‘ರಾತ್ರಿ ನಿದ್ದೆ ಬಾರದು’ ಎಂದರೆ ಒಂದು ದಾರಿ; ‘ಜಮೀನು ಮಾರಿ ಮಗನ ಹತ್ತಿರ ಹೋಗಲೋ ಬೇಡವೋ’ ಎಂದರೆ ಇನ್ನೊಂದು ದಾರಿ. ಸಂಗಮದ ಊರಿನವರಾದ ನರಸೀಪುರದವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು: ಕಪಿಲೆ ಕಾವೇರಿಯನ್ನು ಕೂಡಿದ ಮೇಲೆ ಇದು ಆಕೆಯ ನೀರು, ಇದು ಈಕೆಯ ನೀರು ಎಂದು ಬಿಂದಿಗೆಯಲ್ಲಿ ಬೇರೆ ಮಾಡಲಾದೀತೆ? ಆಗದು. ಜಮೀನಿನ ಚಿಂತೆಯಿಂದಲೇ ನಿದ್ದೆ ಹೋಗಿರಬಹುದು. ಆದರೂ ಯಾವ ನದಿಯಲ್ಲಿ ಪ್ರವಾಹ ಬಂದಿದೆಯೆಂದು ಮೇಲಕ್ಕೆ ಹೋಗಿ ನೋಡಿಬರುವುದು ಸಾಧ್ಯ.

ಒಂದು ವಿಷಯವನ್ನು ಗೃಹಸ್ಥರೆಲ್ಲರೂ ತಿಳಿದಿರುವುದು ಅಗತ್ಯ. ನಮ್ಮ ದೇಶದಲ್ಲಿ ಈ ಎರಡು ಹೆಸರುಗಳಲ್ಲಿ ಯಾವುದನ್ನು ಹಾಕಿಕೊಳ್ಳುವುದಕ್ಕೂ ಪರವಾನಗಿ ಬೇಕಿಲ್ಲ. ಅಲೋಪತಿ ವೈದ್ಯರು ಮೆಡಿಕಲ್ ಕೌನ್ಸಿಲಿನಲ್ಲಿಯೂ, ಆಯುರ್ವೇದದವರು ತಮ್ಮ ಮಂಡಲಿಯಲ್ಲಿಯೂ ಹೆಸರು ನೋಂದಾಯಿಸಿರಬೇಕು. ಮನಸ್ಸಿನ ಚಿಕಿತ್ಸೆ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟರಿಗೆ ೧೯೯೨ರ ಕಾಯಿದೆಯಂತೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯುಂಟು. ಖಾಸಗಿ ಚಿಕಿತ್ಸಾಲಯವೂ ೨೦೦೭ರ ಕರ್ನಾಟಕದ ಕಾಯಿದೆಯ ಪ್ರಕಾರ ನೋಂದಾಯಿತವಾಗಿರಬೇಕು. ಕೋಚಿಗೆ ಇವೊಂದೂ ಇಲ್ಲ. ಆತನ ಗೋಡೆಯ ಮೇಲಿನ ಪ್ರಮಾಣಪತ್ರವು ಒಂದು ವರ್ಷದ ಶಿಕ್ಷಣದ್ದಿರಬಹುದು, ಎರಡು ದಿನದ ಶಿಬಿರದ್ದೂ ಇರಬಹುದು. ಚೌಕಟ್ಟು ಮಾತ್ರ ಎರಡಕ್ಕೂ ಒಂದೇ ಅಳತೆ. ಅಮೆರಿಕದಲ್ಲಿ ಆರೋಗ್ಯದ ಕೋಚುಗಳಿಗೆ ೨೦೧೭ರಿಂದ ರಾಷ್ಟ್ರಮಟ್ಟದ ಪರೀಕ್ಷೆಯೊಂದು ನಡೆಯುತ್ತಿದೆ. ಅಲ್ಲಿಯೂ ಅದು ಕಡ್ಡಾಯವಲ್ಲ.

ನಂಜನಗೂಡಿನವರಿಗೆ ವೈದ್ಯದ ವಿಷಯದಲ್ಲಿ ಹೊರಗಿನವರು ಹೇಳಿಕೊಡಬೇಕಾದ್ದು ಹೆಚ್ಚೇನೂ ಇಲ್ಲ. ವಿಷವನ್ನುಂಡು ಲೋಕವನ್ನು ಕಾಪಾಡಿದವನೇ ಊರ ದೇವರು. ಪಟ್ಟದ ಆನೆಯ ಕಣ್ಣಿನ ಬೇನೆ ವಾಸಿಯಾದದ್ದನ್ನು ಕಂಡು ಟಿಪ್ಪು ಸುಲ್ತಾನನು ಆತನನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂಬ ಐತಿಹ್ಯವನ್ನು ಅಲ್ಲಿಯ ಮಕ್ಕಳೂ ಬಲ್ಲರು. ೧೯೧೩ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯು ಊರ ಹೆಸರನ್ನು ಮನೆಮನೆಯ ಬಚ್ಚಲಿಗೆ ಮುಟ್ಟಿಸಿತು. ಆ ಪುಡಿಯ ಪೊಟ್ಟಣವನ್ನು ನೋಡಿದಾಗಲೆಲ್ಲ ನನಗೊಂದು ವಿಚಾರ ಬರುವುದುಂಟು. ಹಲ್ಲುಪುಡಿಯು ಹಲ್ಲನ್ನು ತಿಕ್ಕುವುದಕ್ಕೆ. ಅದರಿಂದ ಸಾಲ ತೀರುವುದೆಂದಾಗಲಿ, ಮನಸ್ಸು ಅರಳುವುದೆಂದಾಗಲಿ ಯಾರೂ ಹೇಳಲಿಲ್ಲ. ಹೇಳುವ ಮಾತಿಗೆ ಒಂದು ಗಡಿಯಿತ್ತು. ಈಗಿನ ಡಬ್ಬಿಯ ಪುಡಿಗೆ ಆ ಗಡಿ ಕಾಣುತ್ತಿಲ್ಲ.

ಹಾಗೆಂದು ವೆಲ್‌ನೆಸ್ ಕೋಚಿನ ಕೆಲಸ ನಿಷ್ಪ್ರಯೋಜಕವೆಂದು ಹೇಳುವವನು ನಾನಲ್ಲ. ಸಕ್ಕರೆ ಕಾಯಿಲೆಯ ಅಂಚಿಗೆ ಬಂದಿದ್ದು ಇನ್ನೂ ಒಳಗೆ ಬೀಳದವರನ್ನು ಸೇರಿಸಿಕೊಂಡು ಅಮೆರಿಕದಲ್ಲಿ ಮಾಡಿದ ದೊಡ್ಡ ಪರೀಕ್ಷೆಯೊಂದರ ಫಲ ೨೦೦೨ರಲ್ಲಿ ಪ್ರಕಟವಾಯಿತು. ವಾರಕ್ಕೆ ನೂರೈವತ್ತು ನಿಮಿಷದ ನಡಿಗೆ, ತೂಕದಲ್ಲಿ ನೂರಕ್ಕೆ ಏಳು ಪಾಲು ಇಳಿಕೆ, ಇವೆರಡೇ ಗುರಿ. ಆಗಾಗ ಕರೆದು ವಿಚಾರಿಸಿ ಹುರಿದುಂಬಿಸುವುದಕ್ಕೆ ಒಬ್ಬೊಬ್ಬರಿಗೂ ಒಬ್ಬ ಕೋಚು. ಅಂಥವರಲ್ಲಿ ಸುಮಾರು ಮೂರು ವರ್ಷದ ಅವಧಿಯಲ್ಲಿ ಕಾಯಿಲೆಗೆ ಬಿದ್ದವರ ಪ್ರಮಾಣ, ಈ ಏರ್ಪಾಡಿಲ್ಲದವರಿಗಿಂತ ನೂರಕ್ಕೆ ೫೮ರಷ್ಟು ಕಡಿಮೆಯಾಗಿತ್ತು. ನಮ್ಮ ನೆರೆಯ ಚೆನ್ನೈಯಲ್ಲಿ ಭಾರತೀಯರ ಮೇಲೆಯೇ ನಡೆದ ಇಂಥದೇ ಪರೀಕ್ಷೆಯು ೨೦೦೬ರಲ್ಲಿ ಪ್ರಕಟವಾಯಿತು. ಅಲ್ಲಿ ಇಳಿಕೆ ನೂರಕ್ಕೆ ೨೮.೫. ಮನುಷ್ಯನಿಗೆ ತಿಳಿವಳಿಕೆಯ ಕೊರತೆಗಿಂತ ದಿನದಿನವೂ ಕೇಳುವವರ ಕೊರತೆ ಹೆಚ್ಚು. ನಡೆಯಬೇಕೆಂದು ಯಾರಿಗೆ ತಿಳಿಯದು? “ನಿನ್ನೆ ನಡೆದಿರಾ?” ಎಂದು ಇನ್ನೊಬ್ಬರು ಕೇಳಿದರೆ ಕಾಲು ಏಳುತ್ತದೆ.

ಈಗ ನಮ್ಮ ನಂಜನಗೂಡಿನ ಮಹನೀಯರ ಮಾತಿಗೆ ಬರೋಣ. ಪುಡಿ ಕುಡಿದು ಸಕ್ಕರೆ ಇಳಿಯಿತೆಂಬುದು ಪೂರ್ಣ ಸುಳ್ಳೇ ಎಂದರೆ, ಅಲ್ಲ, ಅಪಾಯವಿರುವುದೂ ಅಲ್ಲಿಯೇ. ಬ್ರಿಟನ್ನಿನಲ್ಲಿ ನಡೆದು ೨೦೧೭ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಕೆಲವು ತಿಂಗಳು ಊಟಕ್ಕೆ ಬದಲಾಗಿ ಅಂಥ ಪೇಯಗಳನ್ನೇ ಕೊಟ್ಟು, ಆಮೇಲೆ ನಿಧಾನವಾಗಿ ಊಟಕ್ಕೆ ಮರಳಿಸಿದಾಗ, ಒಂದು ವರ್ಷದ ಕೊನೆಗೆ ನೂರಕ್ಕೆ ೪೬ ಮಂದಿಯ ಸಕ್ಕರೆಯು ಮಾತ್ರೆಯಿಲ್ಲದೆಯೇ ಹದಕ್ಕೆ ಬಂದಿತ್ತು. ಷಡ್ಡಕರ ಕಿವಿಗೆ ಈ ಸುದ್ದಿಯ ತುಣುಕು ಬಿದ್ದಿರಲೂಬಹುದು. ಆದರೆ ಅಲ್ಲಿ ಆರಿಸಿಕೊಂಡವರು ಕಾಯಿಲೆ ಕಂಡು ಆರು ವರ್ಷ ಮೀರದವರು, ಇನ್ಸುಲಿನ್ ಹತ್ತದವರು. ಅವರ ಮಾತ್ರೆಗಳನ್ನು ನಿಲ್ಲಿಸಿದ್ದು ವೈದ್ಯರು. ಮತ್ತೆ ಮತ್ತೆ ಪರೀಕ್ಷಿಸಿ, ಸಕ್ಕರೆ ಏರಿದರೆ ಮರಳಿ ಮಾತ್ರೆ ಕೊಡುವ ಸಿದ್ಧತೆಯೂ ಅಲ್ಲಿತ್ತು. ಹದಿನಾಲ್ಕು ವರ್ಷದ ರೋಗಿ, ಇನ್ಸುಲಿನ್ ಹತ್ತಿದ ದೇಹ, ಇವರಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಸೂಜಿಯನ್ನು ತಟ್ಟನೆ ಬಿಟ್ಟರೆ ರಕ್ತದಲ್ಲಿ ಸಕ್ಕರೆಯು ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು. ಅಷ್ಟಾಗದಿದ್ದರೂ ಕಣ್ಣು, ಮೂತ್ರಪಿಂಡ, ಪಾದದ ನರಗಳು ಸದ್ದಿಲ್ಲದೆ ಸವೆಯುತ್ತವೆ. ಇನ್ನೊಂದು ಕಡೆ, ಸೂಜಿ ಮಾತ್ರೆಗಳನ್ನು ಹಾಗೆಯೇ ಇಟ್ಟುಕೊಂಡು ಊಟವನ್ನು ಮಾತ್ರ ಕಡಿದರೆ ಸಕ್ಕರೆ ಕುಸಿದು ದಾರಿಯಲ್ಲಿಯೇ ಬೀಳುವ ಭಯ. ಎರಡೂ ಕಡೆಯ ಲೆಕ್ಕವನ್ನು ಹಿಡಿಯಬಲ್ಲವರು ಚಿಕಿತ್ಸೆ ಕೊಡುತ್ತಿರುವ ವೈದ್ಯರೊಬ್ಬರೇ. ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರುವ ರಕ್ತಪರೀಕ್ಷೆಯನ್ನು ಮಾಡಿಸಿ, ಆ ಚೀಟಿಯನ್ನು ಹಿಡಿದು ಅವರನ್ನೇ ಕೇಳಬೇಕು.

ಷಡ್ಡಕರ ವ್ಯಾಪಾರದ ವಿಷಯವಾಗಿಯೂ ಎರಡು ಮಾತು. ಡಯಾಬಿಟೀಸನ್ನಾಗಲಿ, ಸ್ಥೂಲಕಾಯವನ್ನಾಗಲಿ, ರಕ್ತದೊತ್ತಡವನ್ನಾಗಲಿ ಗುಣಪಡಿಸುವೆನೆಂದು ಔಷಧಕ್ಕೆ ಜಾಹೀರಾತು ಕೊಡುವುದನ್ನು ೧೯೫೪ರ ಕಾಯಿದೆಯೊಂದು ನಿಷೇಧಿಸಿದೆ. ‘ಇದು ಔಷಧವಲ್ಲ, ಆಹಾರ’ ಎಂದು ಮಾರುವವರು ಹೇಳುವುದುಂಟು. ಒಳ್ಳೆಯದು, ಆಹಾರವಾದರೆ ಮಾತ್ರೆಯನ್ನು ಬಿಡಿಸುವ ಮಾತೇಕೆ? ಇನ್ನು, ‘ನೀವು ಇಬ್ಬರನ್ನು ಕರೆತಂದರೆ ನಿಮ್ಮ ಡಬ್ಬಿಯ ಹಣ ಹಿಂದಿರುಗುತ್ತದೆ’ ಎಂದು ಆಸೆ ತೋರಿಸಿ ಕೊಳ್ಳಿಸುವುದನ್ನು ನೇರ ಮಾರಾಟದ ಬಗೆಗೆ ೨೦೨೧ರಲ್ಲಿ ಹೊರಟ ಕೇಂದ್ರ ಸರ್ಕಾರದ ನಿಯಮಗಳು ತಡೆಯುತ್ತವೆ. ಮಾರುವವನು ಗುರುತಿನ ಚೀಟಿಯಿಲ್ಲದೆ, ಮೊದಲೇ ತಿಳಿಸದೆ ಮನೆಗೆ ಬರಕೂಡದೆಂದೂ ಅವುಗಳಲ್ಲಿದೆ. ಷಡ್ಡಕರಿಗೆ ಗುರುತಿನ ಚೀಟಿ ತೋರಿಸೆಂದು ಕೇಳಿರೆಂದು ನಾನು ಹೇಳಲಾರೆ! ಆದರೆ ಸಲಹೆ ಕೊಡುವವನೇ ಸರಕನ್ನೂ ಮಾರುವವನಾದರೆ ಆ ಸಲಹೆಯ ಬೆಲೆ ಎಷ್ಟೆಂಬುದು ಅಂಗಡಿ ಇಟ್ಟ ಯಾರಿಗಾದರೂ ತಿಳಿಯುವ ವಿಷಯ. ವೆಲ್‌ನೆಸ್ ಕೋಚನ್ನು ಆರಿಸುವಾಗ ಮೊತ್ತಮೊದಲು ನೋಡಬೇಕಾದ್ದು ಇದನ್ನೇ. ಸರಕು ಮಾರದೆ ತನ್ನ ಸಮಯಕ್ಕೆ ಮಾತ್ರ ಹಣ ಕೇಳುವವನಾದರೆ ಮುಂದಿನ ಮಾತನ್ನಾಡಬಹುದು.

ಇನ್ನು ಯೋಗದ ಕಡೆಯವರು. ಕೋಚನ್ನು ಕನ್ನಡಿಸಬೇಕಾದರೆ ನಾನು ಸಾರಥಿಯೆಂದೇ ಹೇಳಿಯೇನು. ಮಹಾಭಾರತದಲ್ಲಿ ಇಬ್ಬರು ದೊಡ್ಡ ಸಾರಥಿಗಳಿದ್ದಾರೆ. ಕರ್ಣನಿಗೆ ದೊರೆತ ಶಲ್ಯನು ಕುದುರೆಯ ವಿದ್ಯೆಯಲ್ಲಿ ಯಾರಿಗೂ ಕಡಿಮೆಯಲ್ಲ. ಆದರೆ ಮನಬಂದಂತೆ ಮಾತನಾಡುವೆನೆಂಬ ಕರಾರಿನ ಮೇಲೆಯೇ ರಥವನ್ನೇರಿ, ಯುದ್ಧದ ನಡುವೆ ಯಜಮಾನನ ಎದೆಯನ್ನು ಕುಗ್ಗಿಸಿದನು. ಕೃಷ್ಣನಾದರೋ ಆಯುಧವನ್ನು ಹಿಡಿಯೆನೆಂದು ಮೊದಲೇ ತನ್ನ ಎಲ್ಲೆಯನ್ನು ಹೇಳಿದನು; ಅರ್ಜುನನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿದ ಮೇಲೆ, ಚೆನ್ನಾಗಿ ವಿಮರ್ಶಿಸಿ ನಿನಗೆ ತೋರಿದಂತೆ ಮಾಡೆಂದು ತೀರ್ಮಾನವನ್ನು ಅವನಿಗೇ ಬಿಟ್ಟನು. ಒಳ್ಳೆಯ ಲೈಫ್ ಕೋಚಿನ ರೀತಿಯೂ ಹೀಗೆಯೇ ಎಂದು ಆ ಕಸುಬನ್ನು ಬಲ್ಲವರು ಹೇಳುತ್ತಾರೆ. ಆತನು ಉತ್ತರ ಕೊಡುವುದಕ್ಕಿಂತ ಪ್ರಶ್ನೆ ಕೇಳುವುದೇ ಹೆಚ್ಚು. ಬಂದವರು ತಮ್ಮ ಬಾಯಿಂದಲೇ ತಮ್ಮ ಇಷ್ಟವನ್ನು ಹೇಳಿಕೊಂಡು, ಮುಂದಿನ ವಾರದೊಳಗೆ ಮಾಡುವ ಒಂದು ಕೆಲಸವನ್ನು ಗೊತ್ತುಮಾಡಿಕೊಂಡು ಹೋಗುವರು. ಮೊದಲನೆಯ ದಿನವೇ ‘ನಿಮ್ಮ ಮಗನಿಗೆ ಆರು ತಿಂಗಳಲ್ಲಿ ಕೆಲಸ ಗ್ಯಾರಂಟಿ’ ಎನ್ನುವವನು ಸಾರಥಿಯಲ್ಲ. ‘ನೂರಕ್ಕೆ ನೂರು ಪಾಸು’ ಎಂದು ಗೋಡೆಯ ಮೇಲೆ ಬರೆಸುವ ಟ್ಯೂಷನ್ ಮನೆಗಳನ್ನು ನೋಡಿ ನೋಡಿ ನನಗೆ ಅಂಥ ಮಾತಿನ ಮೇಲೆ ನಂಬಿಕೆ ಹೋಗಿದೆ.

ಆದರೆ ನರಸೀಪುರದ ತಾಯಿಯವರೇ, ನಿಮ್ಮ ಕಾಗದವನ್ನು ನಾನು ಮೂರು ಸಲ ಓದಿದೆನು. ನಿಮ್ಮ ಮಗನ ಪ್ರಶ್ನೆ ಯೋಗದ್ದೂ ಅಲ್ಲ, ಕ್ಷೇಮದ್ದೂ ಅಲ್ಲವೆಂದು ನನಗೆ ಬಲವಾಗಿ ತೋರುತ್ತದೆ. ದಾರಿ ಕಾಣದವನು ಬೇರೆ, ನಡೆಯುವ ಶಕ್ತಿಯೇ ಉಡುಗಿದವನು ಬೇರೆ. ಎರಡು ವಾರಕ್ಕೆ ಮೇಲ್ಪಟ್ಟು ನಿದ್ದೆಯೂ ಊಟವೂ ಕೆಟ್ಟು, ಇಷ್ಟವಾದದ್ದು ಯಾವುದೂ ಬೇಡವಾಗಿ, ಜನರ ಮುಖ ಕಂಡರಾಗದೆ ಒಬ್ಬನು ಇರುವನಾದರೆ ಅದು ಖಿನ್ನತೆಯೆಂಬ ಕಾಯಿಲೆಯ ಲಕ್ಷಣವಾಗಿರಬಹುದು. ಅದನ್ನು ನೋಡತಕ್ಕವರು ವೈದ್ಯರು. ಅದು ಸೋಮಾರಿತನವಲ್ಲ, ಗ್ರಹಚಾರವೂ ಅಲ್ಲ. ಚಿಕಿತ್ಸೆಯಿಂದ ಇಳಿಯುವ ಕಾಯಿಲೆ. ಕಾಲು ಮುರಿದವನಿಗೆ ಓಟದ ಮೇಷ್ಟರನ್ನು ಗೊತ್ತುಮಾಡುವುದಿಲ್ಲವಷ್ಟೆ. ಅಂಥ ಮಗನನ್ನು ‘ಗುರಿ ಇಟ್ಟುಕೊ, ಏಳು, ಗೆಲ್ಲು’ ಎಂದು ಹುರಿದುಂಬಿಸಲು ಹೋದರೆ, ಇದೂ ತನ್ನಿಂದಾಗಲಿಲ್ಲವೆಂಬ ಇನ್ನೊಂದು ಸೋಲು ಅವನ ಲೆಕ್ಕಕ್ಕೆ ಸೇರುತ್ತದೆ. ಪಕ್ಕದ ಮನೆಯವರು ಮೈ ದಪ್ಪವಾದದ್ದನ್ನು ಕಾರಣವೆಂದರು. ಅದು ಕಾರ್ಯವೂ ಆಗಿರಬಹುದು. ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಮೈ ಬೆಳೆದು ಮನಸ್ಸು ಮಂಕಾಗುವುದುಂಟಾದ್ದರಿಂದ, ವೈದ್ಯರು ಹೇಳಿದರೆ ರಕ್ತಪರೀಕ್ಷೆಯನ್ನೂ ಮಾಡಿಸಿರಿ.

ಇದಕ್ಕೆ ಬಳೆಗಳನ್ನು ಅಡವಿಡಬೇಕಾಗಿಲ್ಲ. ಮನಸ್ಸಿನ ಶಾಸ್ತ್ರ ನಮ್ಮ ಸೀಮೆಗೆ ನಿನ್ನೆ ಮೊನ್ನೆಯದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ೧೯೨೪ರಲ್ಲಿಯೇ ಅದಕ್ಕೊಂದು ವಿಭಾಗವನ್ನು ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿಯವರು; ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿಯನ್ನು ಆರಂಭಿಸಿದವರೂ ಅವರೇ. ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಗಾಡಿನ ಆಸ್ಪತ್ರೆಗೇ ಕೊಂಡೊಯ್ಯುವ ಮಾರ್ಗವನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ತೋರಿಸಿತು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ ಎಂಬ ಹೆಸರಿನಿಂದ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಗೊತ್ತಾದ ದಿನ ಬಂದುಹೋಗುವ ಏರ್ಪಾಡುಂಟು. ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಆ ದಿನ ಯಾವುದೆಂದು ಯಜಮಾನರು ವಿಚಾರಿಸಲಿ. ಮಗನು ಬರಲೊಪ್ಪದಿದ್ದರೆ ನೀವೇ ೧೪೪೧೬ ಎಂಬ ಸಂಖ್ಯೆಗೆ ಕರೆ ಮಾಡಬಹುದು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಎಂಬ ಈ ಸಹಾಯವಾಣಿಯಲ್ಲಿ ಹಗಲು ರಾತ್ರಿ, ಕನ್ನಡದಲ್ಲಿ, ಹಣವಿಲ್ಲದೆ ಮಾತನಾಡುತ್ತಾರೆ. ಮಗನ ಬಗೆಗೆ ತಾಯಿಯೂ ಕೇಳಬಹುದು. ಒಂದು ಮಾತನ್ನು ಸಂಕೋಚವಿಲ್ಲದೆ ಹೇಳುತ್ತೇನೆ: ಬದುಕಿ ಏನು ಪ್ರಯೋಜನವೆಂಬ ಅರ್ಥದ ಮಾತನ್ನು ಅವನು ಎಂದಾದರೂ ಆಡಿದ್ದರೆ, ಮನೋವೈದ್ಯರು ಬರುವ ದಿನವನ್ನು ಕಾಯಬೇಡಿ, ಅವನನ್ನು ಒಬ್ಬನನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಆ ಮಾತನ್ನು ನೀವಾಗಿ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದೆಂಬ ಭಯ ಬೇಡ. ಕೇಳಿದರೆ ಅವನ ಎದೆಯ ಭಾರ ಇಳಿಯುವುದೇ ಹೆಚ್ಚು.

ನಾಲ್ಕಾರು ತಿಂಗಳಿಗೆ ಅವನು ಮಹಡಿಯಿಂದ ಇಳಿದು ನಿಮ್ಮೊಡನೆ ಕುಳಿತು ಊಟಮಾಡುವಂತಾದ ಮೇಲೆ, ಪರೀಕ್ಷೆಯನ್ನು ಮತ್ತೆ ಕಟ್ಟಲೋ ಬೇರೆ ಕೆಲಸಕ್ಕೆ ಹೋಗಲೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಯೋಗದ ಪ್ರಶ್ನೆ ಆಗ ಹುಟ್ಟುವುದು. ಲೈಫ್ ಕೋಚಿನ ವಿಚಾರವನ್ನು ಅಂದಿಗೆ ಇಟ್ಟುಕೊಳ್ಳಿರಿ. ಅದನ್ನೂ ನಿಮ್ಮ ಆಯ್ಕೆಯಾಗಿ ಅಲ್ಲ, ಅವನ ಆಯ್ಕೆಯಾಗಿ.

ಲೈಫ್ ಕೋಚು ನಿಜವಾಗಿ ಉಪಯೋಗಕ್ಕೆ ಬರುವುದು ನಂಜನಗೂಡಿನ ಮಹನೀಯರಂಥವರಿಗೆ. ನಿವೃತ್ತಿಗೆ ಎರಡು ವರ್ಷವಿದೆ, ಬುದ್ಧಿ ಚುರುಕಾಗಿದೆ, ದಾರಿ ಎರಡು ಮೂರು ಕಾಣುತ್ತಿವೆ. ಆದರೂ ಹಣ ಕೊಡುವ ಮುನ್ನ ಎರಡು ಬಾಗಿಲುಗಳನ್ನು ತಟ್ಟಿ ನ��ಡಲಿ. ಭವಿಷ್ಯನಿಧಿ, ಪಿಂಚಣಿ, ಬಡ್ಡಿಗಳ ಲೆಕ್ಕವಾದರೆ ಅದನ್ನು ಬಲ್ಲ ಬ್ಯಾಂಕಿನವರೋ ಲೆಕ್ಕಿಗರೋ ಹೇಳಬೇಕು, ಕೋಚಲ್ಲ. ಎರಡನೆಯದಾಗಿ, ತಮಗಿಂತ ಐದು ವರ್ಷ ಮೊದಲು ಅದೇ ಕಾರ್ಖಾನೆಯಿಂದ ನಿವೃತ್ತರಾದ ಇಬ್ಬರನ್ನು ಕಂಡು, ಮೊದಲ ಆರು ತಿಂಗಳು ಹೇಗೆ ಕಳೆಯಿತೆಂದು ಕೇಳಲಿ. ನಾನು ಶಾಲೆಯಿಂದ ಬಿಡುಗಡೆಯಾದಾಗ ಹೀಗೆ ಕೇಳಿದ್ದರಿಂದ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತೇ ಎಲ್ಲಕ್ಕಿಂತ ಕಷ್ಟವಾದದ್ದೆಂದು ಮೊದಲೇ ತಿಳಿದು, ಆ ಹೊತ್ತಿಗೆ ಒಂದು ಕೆಲಸವನ್ನು ಇಟ್ಟುಕೊಂಡೆನು. ಇಷ್ಟಾದ ಮೇಲೂ ಮನಸ್ಸು ತೂಗಾಡುತ್ತಿದ್ದರೆ ಕೋಚನ್ನು ಕಾಣಲಿ. ಮೊದಲ ಭೇಟಿಗೆ ಮಾತ್ರ ಹಣ ಕೊಡಲಿ. ಹನ್ನೆರಡು ಭೇಟಿಯ ಹಣವನ್ನು ಮುಂಗಡವಾಗಿ ಕೊಡುವುದು ಬೇಡ. ಎಷ್ಟು ಭೇಟಿಗೆ ಈ ಕೆಲಸ ಮುಗಿಯುವುದೆಂದು ಕೇಳಲಿ. ಮುಗಿಯುವ ದಿನವನ್ನು ಹೇಳಲಾರದ ಶಿಕ್ಷಕನ ಬಗೆಗೆ ನನಗೆ ಎಂದಿಗೂ ಅನುಮಾನವೇ. ಯಾವ ಸಂಗತಿ ಬಂದರೆ ನನ್ನನ್ನು ವೈದ್ಯರ ಬಳಿಗೋ ವಕೀಲರ ಬಳಿಗೋ ಕಳುಹಿಸುವಿರಿ ಎಂದೂ ಕೇಳಲಿ; ‘ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತೇನೆ’ ಎಂದರೆ ಎದ್ದು ಬರಲಿ. ಕರಾರು, ಹಣ ಹಿಂದಿರುಗಿಸುವ ನಿಯಮ, ರಸೀದಿ, ಎಲ್ಲವೂ ಬರಹದಲ್ಲಿರಲಿ. ಮೋಸವಾದಲ್ಲಿ ೧೯೧೫ ಎಂಬ ಗ್ರಾಹಕ ಸಹಾಯವಾಣಿಗೆ ದೂರಬಹುದು. ಐದು ಲಕ್ಷ ರೂಪಾಯಿಯವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಒಂದು ಚೂರು ಕಾಗದವೂ ಇಲ್ಲದಿದ್ದರೆ ಯಾರೇನು ಮಾಡಿಯಾರು?

ಉಳಿದದ್ದು ಷಡ್ಡಕರಿಗೆ ಏನು ಹೇಳುವುದೆಂಬುದು. ಬೇಡವೆಂದು ಬಾಯಿಬಿಟ್ಟು ಹೇಳುವುದಕ್ಕೆ ಬದಲಾಗಿ ಅವರನ್ನೇ ಜೊತೆಗೆ ಕರೆದುಕೊಳ್ಳಿರಿ. “ಮುಂದಿನ ಸಲ ಡಾಕ್ಟರ ಹತ್ತಿರ ನೀನೂ ಬಾರಪ್ಪ, ಡಬ್ಬಿಯನ್ನೂ ತಾ, ಅವರು ಓದಿ ನೋಡಿ ಒಪ್ಪಿದರೆ ನಾಳೆಯಿಂದಲೇ ಕುಡಿಯುತ್ತೇನೆ” ಎನ್ನಿರಿ. ಅವರು ಬಂದರೆ ಸಂತೋಷ. ಬಾರದಿದ್ದರೆ ಮಾತು ಅಲ್ಲಿಗೇ ನಿಂತಿತು, ಅಕ್ಕತಂಗಿಯರ ನಡುವೆಯೂ ಏನೂ ಕೆಡಲಿಲ್ಲ. ಬೆಳಿಗ್ಗೆ ಆರಕ್ಕೆ ಹದಿನೈದು ಜನರನ್ನು ಎಬ್ಬಿಸಿ ಒಂದೆಡೆ ಸೇರಿಸುವ ಶಕ್ತಿ ಅವರಲ್ಲಿರುವುದು ನಿಜ, ಅದು ಸಣ್ಣ ಗುಣವಲ್ಲ. ಆ ಹದಿನೈದು ಮಂದಿಯೊಡನೆ ಕಪಿಲೆಯ ದಂಡೆಯವರೆಗೆ ನಡೆದು ಬರೋಣವೆಂದು ನೀವೇ ಹೇಳಿ ನೋಡಿರಿ. ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಒಂದು ಮಾತು ಕೇಳಿ, ಪಾದಕ್ಕೆ ಒಪ್ಪುವ ಮೆಟ್ಟನ್ನು ಹಾಕಿಕೊಂಡು, ಜೇಬಿನಲ್ಲಿ ಒಂದು ಚೂರು ಬೆಲ್ಲವನ್ನಿಟ್ಟುಕೊಳ್ಳಿರಿ; ನಡೆಯುವಾಗ ತಲೆ ಸುತ್ತಿ ಬೆವರು ಒಡೆದರೆ ಅದು ಬೇಕಾಗುತ್ತದೆ.